ಪರ-ವಿರೋಧ: ಕಮಿಷನ್, ಟಿಪ್ಸ್ ಸಂಬಳದ ಲೆಕ್ಕಕ್ಕೆ ಸೇರಬೇಕೇ?

ಪರ: ಚೀಟಿಯಲ್ಲಿ ಇಲ್ಲದ ದುಡಿಮೆಗೆ ಬೆಲೆಯಿಲ್ಲ

ಚಿಕ್ಕಪೇಟೆಯ ಜವಳಿ ಅಂಗಡಿಗಳ ಲೆಕ್ಕ ಬರೆದು ಸಂಸಾರ ಸಾಗಿಸಿದವನು ನಾನು. ಸೀರೆ ಮಾರುವ ಹುಡುಗನನ್ನು ತಿಂಗಳಿಗೆ ಎಷ್ಟು ಕೈಗೆ ಬರುತ್ತದೆ ಎಂದು ಕೇಳಿ, ತಕ್ಷಣ ಹೇಳುತ್ತಾನೆ. ಅದರಲ್ಲಿ ಸಂಬಳವೆಷ್ಟು ಎಂದು ಕೇಳಿ, ತಡವರಿಸುತ್ತಾನೆ. ಆ ತಡವರಿಕೆಯಲ್ಲೇ ಮಾಲೀಕನ ಲಾಭವಿದೆ.

ಒಂದು ಲೆಕ್ಕ ಹಾಕೋಣ. ಮೂಲ ವೇತನ 15,000 ರೂಪಾಯಿ. ತಿಂಗಳಿಗೆ 4 ಲಕ್ಷದ ಮಾರಾಟ, ಅದಕ್ಕೆ ಶೇ 2ರಂತೆ 8,000 ಕಮಿಷನ್. ಒಟ್ಟು ದುಡಿಮೆ 23,000. ಇಪ್ಪತ್ತು ವರ್ಷ ಹೀಗೆ ನಿಂತು, ಮಂಡಿ ಸವೆಸಿಕೊಂಡು ಕೆಲಸ ಬಿಡುವಾಗ ಗ್ರಾಚ್ಯುಟಿ ಬರಬೇಕಲ್ಲವೇ? ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸುವುದು ಅದರ ಸೂತ್ರ. 15,000 ಹಿಡಿದರೆ 1,73,077 ರೂಪಾಯಿ. 23,000 ಹಿಡಿದರೆ 2,65,385. ನಡುವಿನ 92,308 ರೂಪಾಯಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಅಂಗಡಿಯಲ್ಲೇ ಉಳಿಯಿತು. 1972ರ ಗ್ರಾಚ್ಯುಟಿ ಕಾಯ್ದೆ ವೇತನ ಎಂದರೇನು ಎಂದು ಹೇಳುವಾಗಲೇ ಕಮಿಷನ್ನನ್ನು ಹೊರಗಿಟ್ಟಿತು. 1952ರ ಭವಿಷ್ಯ ನಿಧಿ ಕಾಯ್ದೆ ಮಾಡಿದ್ದೂ ಅದನ್ನೇ.

ಹೊಸ ಕಾನೂನು ಬಂದಿದೆಯಲ್ಲ ಎನ್ನುವವರಿದ್ದಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಕಮಿಷನ್ನನ್ನು ವೇತನದಿಂದ ಹೊರಗೇ ಇಟ್ಟಿದೆ. ಒಂದು ಷರತ್ತು ಮಾತ್ರ ಸೇರಿಸಿದೆ: ಹೀಗೆ ಹೊರಗಿಟ್ಟ ಬಾಬತ್ತುಗಳೆಲ್ಲ ಕೂಡಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು. ನಮ್ಮ ಹುಡುಗನ ಒಟ್ಟು 23,000ದ ಅರ್ಧ 11,500. ಅವನ ಕಮಿಷನ್ 8,000. ಸೇರುವುದು ಒಂದು ರೂಪಾಯಿಯೂ ಇಲ್ಲ. ಅವನು ಮೂಲ ವೇತನವನ್ನೂ ಮೀರಿಸುವಷ್ಟು ಕಮಿಷನ್ ದುಡಿದಾಗಲೇ ಈ ಷರತ್ತು ಕಣ್ಣು ತೆರೆಯುವುದು.

ಸಂಬಳದ ಚೀಟಿಯಲ್ಲಿ ಕಮಿಷನ್ನಿಗೆ ಜಾಗವಿಲ್ಲದ ಕಾರಣ ಅದರ ನಿಯಮಕ್ಕೂ ಕಾಗದವಿಲ್ಲ. ಶೇ 2 ಎಂದರೆ ಯಾವುದರ ಶೇ 2? 10,500 ರೂಪಾಯಿ ಬಿಲ್ಲಿನ ಸೀರೆಯಲ್ಲಿ 500 ಜಿಎಸ್‌ಟಿ. ಅದನ್ನು ಕಳೆದು 10,000ಕ್ಕೆ ಕೊಡುತ್ತಾರೆಯೇ, ಬಿಲ್ಲಿನ ಮೊತ್ತಕ್ಕೆ ಕೊಡುತ್ತಾರೆಯೇ? ರಿಯಾಯಿತಿ ಕೊಟ್ಟರೆ ಮೂಲ ಬೆಲೆಯ ಮೇಲೋ, ಇಳಿದ ಬೆಲೆಯ ಮೇಲೋ? ಗಿರಾಕಿ ಬಣ್ಣ ಒಪ್ಪಿಗೆಯಾಗಲಿಲ್ಲವೆಂದು ಮುಂದಿನ ತಿಂಗಳು ಸೀರೆ ವಾಪಸು ತಂದರೆ ಕೊಟ್ಟ ಕಮಿಷನ್ ಕತ್ತರಿಸುತ್ತಾರೆಯೇ? ನಾನು ಲೆಕ್ಕ ಬರೆಯುತ್ತಿದ್ದ ಒಂದು ಅಂಗಡಿಯಲ್ಲಿ 3 ಲಕ್ಷದ ಟಾರ್ಗೆಟ್ ದಾಟಿದರೆ ಮಾತ್ರ ಕಮಿಷನ್. 2,95,000ಕ್ಕೆ ನಿಂತವನಿಗೆ ಸೊನ್ನೆ. ದಾಟಿದವನಿಗಾದರೂ ಪೂರ್ತಿ ಮಾರಾಟಕ್ಕೆ ಸಿಗುತ್ತದೆಯೋ, 3 ಲಕ್ಷದ ಮೇಲಿನದಕ್ಕೆ ಮಾತ್ರವೋ ಎಂಬುದು ಮಾಲೀಕರ ಆ ದಿನದ ಮುಖ ನೋಡಿ ತಿಳಿಯಬೇಕಿತ್ತು. ಇನ್ನು ಆಷಾಢ. ಮದುವೆ ಸೀರೆಗಳಿಲ್ಲ, ಇರುವುದೆಲ್ಲ ಡಿಸ್ಕೌಂಟ್ ಮಾಲು. ಆ ಮಾಲಿಗೆ ಅಲ್ಲಿ ಕಮಿಷನ್ನೇ ಇರಲಿಲ್ಲ. ಇಡೀ ದಿನ ಸೀರೆ ಬಿಚ್ಚಿ ಮಡಿಸಿ ಸುಸ್ತಾದ ತಿಂಗಳಲ್ಲೇ ಹುಡುಗರ ಜೇಬು ಎಲ್ಲಕ್ಕಿಂತ ಹಗುರ. ಕಮಿಷನ್ ವೇತನದ ಭಾಗವೆಂದಾದ ದಿನ ಇದೆಲ್ಲ ಕಾಗದಕ್ಕೆ ಇಳಿಯಲೇಬೇಕಾಗುತ್ತದೆ. ನನಗೆ ಬೇಕಿರುವುದು ಮುಖ್ಯವಾಗಿ ಇದೇ.

ಎದುರು ಪಾಳಯದವರು ತೆರಿಗೆಯ ಗುಮ್ಮ ತೋರಿಸುತ್ತಾರೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ನಮ್ಮ ಹುಡುಗನ ವರ್ಷದ ದುಡಿಮೆ 2,76,000. ಯಾರ ತೆರಿಗೆಯ ಚಿಂತೆ ಇದು? ಇನ್ನು ಕೆಲವರು, ಲೆಕ್ಕಕ್ಕೆ ಸೇರಿಸಿದರೆ ಮಾಲೀಕರು ಮೂಲ ವೇತನ ಇಳಿಸಿಬಿಡುತ್ತಾರೆ ಎನ್ನುತ್ತಾರೆ. ಅವರು ಮಾಲೀಕರ ಪರವಾಗಿ ವಕಾಲತ್ತು ಹಾಕಿದವರು, ಅವರಿಗೆ ಉತ್ತರಿಸುವ ಅಗತ್ಯ ನನಗಿಲ್ಲ.

ಟಿಪ್ಸಿಗೂ ಇದೇ ಮಾತು. ಅದು ಗಿರಾಕಿಯ ಪ್ರೀತಿಯಂತೆ. ಆ ಪ್ರೀತಿಯನ್ನು ಹಿಡಿದುಕೊಂಡು ಬ್ಯಾಂಕಿಗೆ ಸಾಲ ಕೇಳಲು ಹೋಗಿ ನೋಡಿ, ಸಂಬಳದ ಚೀಟಿ ತೋರಿಸಿ ಎನ್ನುತ್ತಾರೆ.

ವಿರೋಧ: ಟಿಪ್ಸಿಗೆ ಗಲ್ಲಾದಲ್ಲಿ ಏನು ಕೆಲಸ?

ವಿರೋಧವಾಗಿ ಬರೆಯಲು ಯಾರೂ ಸಿಗಲಿಲ್ಲವೆಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಕಮಿಷನ್ ಬಗ್ಗೆ ನನಗೆ ದೊಡ್ಡ ತಕರಾರೇನೂ ಇಲ್ಲ, ಆದ್ದರಿಂದ ಟಿಪ್ಸ್ ಕುರಿತೇ ಬರೆಯುತ್ತೇನೆ. ಆದರೂ ಒಂದು ಮಾತು. 23,000 ಪೂರ್ತಿ ವೇತನ ಎಂದು ಬರೆಸಿಕೊಂಡವರು ಇಎಸ್‌ಐ ಆಸ್ಪತ್ರೆಗೆ ಹೋಗುವ ಮೊದಲು ಯೋಚಿಸಲಿ. ಕಾರ್ಮಿಕರ ಆ ಆರೋಗ್ಯ ವಿಮೆಯ ವೇತನ ಮಿತಿ 21,000, ಮೀರಿದವರು ಅದರಿಂದ ಹೊರಗೆ.

ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ. ಇದು ನನ್ನ ಅಭಿಪ್ರಾಯವಲ್ಲ, ದೊಡ್ಡ ಹೋಟೆಲುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು. ಗಿರಾಕಿ ಕೊಟ್ಟದ್ದನ್ನು ಹೋಟೆಲು ಕೆಲಸಗಾರರಿಗೆ ತಲುಪಿಸುತ್ತದೆ ಅಷ್ಟೆ, ಸಂಬಳದಂತೆ ಅದರಲ್ಲಿ ತೆರಿಗೆ ಮುರಿದುಕೊಳ್ಳಬೇಕಾಗಿಲ್ಲ ಎಂದು ತೀರ್ಪಾಯಿತು.

ಲೆಕ್ಕಕ್ಕೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ನೋಡಿ. ಅಲ್ಲಿನ ಕೇಂದ್ರ ಕಾನೂನಿನಂತೆ ಗಂಟೆಗೆ ಕನಿಷ್ಠ ಕೂಲಿ 7.25 ಡಾಲರ್. ಟಿಪ್ಸ್ ಸಿಗುವ ಕೆಲಸವಾದರೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸಿನಿಂದ ತುಂಬಿಕೊಳ್ಳುತ್ತದೆ. ಆ 2.13 ಎಂಬ ಅಂಕಿ 1991ರಿಂದ ಅಲುಗಾಡಿಲ್ಲ. ಎಷ್ಟೋ ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಅದು ಬೇರೆ. ನಮ್ಮಲ್ಲಿ ಸರ್ವಿಸ್ ಚಾರ್ಜ್ ಕಥೆಯೂ ಆಯಿತು. ಬಿಲ್ಲಿಗೆ ತಾನಾಗಿ ಸೇರಿಸಬೇಡಿ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೆಲಸಗಾರರ ಹೆಸರಿನಲ್ಲಿ ಬಿಲ್ಲಿಗೆ ಹತ್ತಿದ ಆ ಹಣದಲ್ಲಿ ಅವರಿಗೆ ಸಿಕ್ಕಿದ್ದೆಷ್ಟು ಎಂದು ಊಟ ಮಾಡಿದ ಯಾರಿಗಾದರೂ ತಿಳಿದಿತ್ತೇ?

ನನ್ನ ಸೋದರಮಾವ ಕುಂದಾಪುರದ ಕಡೆಯಿಂದ ಮುಂಬೈಗೆ ಹೋಗಿ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು. ಮೊದಲು ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಸಪ್ಲೈಗೆ ಬಂದವರು. ಸಂಬಳ ಮಾಲೀಕರ ಪುಸ್ತಕದಲ್ಲೇ ಇರುತ್ತಿತ್ತು, ಊರಿಗೆ ಹೊರಡುವಾಗ ಒಟ್ಟಿಗೆ ಕೊಡುತ್ತಿದ್ದರು. ಅದರಲ್ಲಿ ಮುಂಗಡ, ಒಡೆದ ಗಾಜು, ರಜೆ ಎಂದು ಏನೇನೋ ಕಳೆಯುತ್ತಿದ್ದರು. ಟಿಪ್ಸ್ ಮಾತ್ರ ಮಾವನ ಸ್ವಂತ ಡಬ್ಬಿಗೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಎಣಿಸಿ, ಮೇಜು ಒರೆಸುವ ಹುಡುಗರಿಗೂ ಒಳಗೆ ದೋಸೆ ಹುಯ್ಯುವವರಿಗೂ ಪಾಲು ಕೊಟ್ಟು, ಉಳಿದದ್ದು ತಿಂಗಳಿಗೊಮ್ಮೆ ಮನಿ ಆರ್ಡರ್ ಆಗಿ ನಮ್ಮ ಅಜ್ಜಿಗೆ ಬರುತ್ತಿತ್ತು. ಯಾರಿಗೆ ಎಷ್ಟು ಪಾಲು ಎಂಬುದಕ್ಕೆ ಅವರಲ್ಲೇ ಒಂದು ಕಟ್ಟಳೆ ಇತ್ತು, ಜಗಳವೂ ಇತ್ತು. ನನ್ನ ಅಮ್ಮನ ಮದುವೆಯ ಸೀರೆ ಆ ಡಬ್ಬಿಯದೇ ಎಂದು ಅಮ್ಮ ಈಗಲೂ ಹೇಳುತ್ತಾರೆ. ಮಾಲೀಕರ ಪುಸ್ತಕಕ್ಕೆ ಅದು ಹತ್ತಿದ್ದರೆ ಒಡೆದ ಗಾಜಿನ ಬಾಬತ್ತಿಗೆ ಹೋಗುತ್ತಿತ್ತು. ಕೆಲಸ ಬಿಟ್ಟು ಊರಿಗೆ ಬಂದಾಗ ಮಾವನಿಗೆ ಗ್ರಾಚ್ಯುಟಿ ಏನು ಸಿಕ್ಕಿತು ಎಂದು ಪರವಾಗಿ ಬರೆದವರು ಕೇಳಿಯಾರು. ಈ ಲೇಖನದ ವಿಷಯ ಅದಲ್ಲ.

ಈಗ ಡಬ್ಬಿಯೂ ಇಲ್ಲ, ಚಿಲ್ಲರೆಯೂ ಇಲ್ಲ. ಎಲ್ಲರೂ ಯುಪಿಐ ಸ್ಕ್ಯಾನ್ ಮಾಡುತ್ತಾರೆ, ಹಣ ನೇರವಾಗಿ ಹೋಟೆಲಿನ ಖಾತೆಗೆ ಸೇರುತ್ತದೆ, ಹತ್ತಿಪ್ಪತ್ತು ರೂಪಾಯಿ ಹೆಚ್ಚು ಒತ್ತಿದರೂ ಅದು ಮಾಲೀಕರದೇ. ಇಲ್ಲಿ ಪರದವರ ವಾದಕ್ಕೆ ಸ್ವಲ್ಪ ಬಲವಿದೆ, ಬಿಡಿ. ಆದರೂ ನನ್ನ ಪರಿಹಾರ ಅವರದಲ್ಲ. ಸಪ್ಲೈ ಮಾಡುವವರ ಅಂಗಿಯ ಮೇಲೆ ಅವರವರದೇ ಕ್ಯೂಆರ್ ಕೋಡ್ ಇರಲಿ. ಇದನ್ನು ಪರಿಚಯದ ಹೋಟೆಲು ಮಾಲೀಕರೊಬ್ಬರಿಗೆ ಹೇಳಿದಾಗ ಅವರು ಕಾಫಿ ತರಿಸಿ ಮಾತು ಬದಲಿಸಿದರು.