ಇಪ್ಪತ್ತು ಮನೆ, ಹತ್ತು ಲಕ್ಷ ಗುಂಪು

ನಮ್ಮೂರಿನ ವಾಟ್ಸಾಪ್ ಗುಂಪು ಮೂರನೆಯ ಬಾರಿ ಒಡೆದ ಸುದ್ದಿ ಕೊಡಗಿನ ನಾಪೋಕ್ಲು ಸಂತೆಯವರೆಗೂ ತಲುಪಿರುವುದರಿಂದ ಅದನ್ನು ಮತ್ತೆ ವಿವರಿಸಬೇಕಾಗಿಲ್ಲ. ಅಡ್ಮಿನ್ ಹೊರಹಾಕಿದ ಇಬ್ಬರೂ ಸಂಜೆಯೊಳಗೆ ಒಂದೊಂದು ಹೊಸ ಗುಂಪು ಕಟ್ಟಿದರು; ಎರಡಕ್ಕೂ ನನ್ನನ್ನು ಕೇಳದೆಯೇ ಸೇರಿಸಿದರು.

ಇದನ್ನು ಜಗಳವೆನ್ನುವವರಿಗೆ ಗಣಿತ ತಿಳಿಯದು. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ರೂಪಿಸಿದ ರಾಬರ್ಟ್ ಮೆಟ್ಕಾಫ್ ಅವರ ಹೆಸರಿನ ನಿಯಮದಂತೆ ಜಾಲದ ಬೆಲೆ ಸದಸ್ಯರ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಲೆಯಿರುವುದು ಸದಸ್ಯರನ್ನು ಜೋಡಿಸುವ ಕೊಂಡಿಗಳಲ್ಲಿ; ನಮ್ಮ ಇಪ್ಪತ್ತು ಮನೆಗಳ ನಡುವೆ ಅಂಥ 190 ಜೋಡಿಗಳಿವೆ. ಡೇವಿಡ್ ರೀಡ್ ಎಂಬ ಮಹನೀಯರು ಅಷ್ಟಕ್ಕೆ ತೃಪ್ತರಾಗದೆ, ಜಾಲದ ನಿಜವಾದ ಬೆಲೆ ಅದರೊಳಗೆ ಕಟ್ಟಬಹುದಾದ ಗುಂಪುಗಳಲ್ಲಿದೆ ಎಂದರು. ಆ ಲೆಕ್ಕದಲ್ಲಿ ಇಪ್ಪತ್ತು ಮನೆಗಳಿಗೆ 10,48,555 ಗುಂಪುಗಳು ಸಾಧ್ಯ. ನಾವಿನ್ನೂ ಹದಿನಾಲ್ಕರಲ್ಲಿದ್ದೇವೆ, ಆದರೂ ನಮ್ಮವರ ಉತ್ಸಾಹದ ಮೇಲೆ ನನಗೆ ಭರವಸೆಯಿದೆ.

ಹದಿನಾಲ್ಕರಲ್ಲಿ ನನಗೆ ಪ್ರಿಯವಾದದ್ದು ಮಳೆಯ ಗುಂಪು. ಕಾಫಿ ಹೂವರಳಿಸುವ ಹೂಮಳೆಯ ಕಾಲದಲ್ಲಿ ಒಬ್ಬರು ತಮ್ಮ ತೋಟಕ್ಕೆ ಒಂದು ಇಂಚು ಇಪ್ಪತ್ತು ಸೆಂಟು (ಸೆಂಟೆಂದರೆ ಇಂಚಿನ ನೂರನೆಯ ಒಂದು ಭಾಗ) ಬಿದ್ದಿದೆಯೆಂದು ಬರೆದರೆ, ಬೇಲಿಯಾಚೆಯವರು ಮಾಪಕವನ್ನು ಮತ್ತೊಮ್ಮೆ ನೋಡಿ ಬಂದು ಒಂದೂವರೆ ಇಂಚೆಂದು ತಿದ್ದುತ್ತಾರೆ. ಹತ್ತನೆಯ ಮನೆ ತಲುಪುವಷ್ಟರಲ್ಲಿ ಅದೇ ಮೋಡ ಎರಡಿಂಚು ಸುರಿಸಿರುತ್ತದೆ. ಸದಸ್ಯರು ಹೆಚ್ಚಿದಂತೆ ಮಳೆಯೂ ಹೆಚ್ಚುವುದನ್ನು ಮೆಟ್ಕಾಫ್ ಕೂಡ ಊಹಿಸಿರಲಾರರು.

ಮಳೆಗಾಲದಲ್ಲಿ ಮಾತ್ರ ಸೂತ್ರಕ್ಕೆ ಸ್ವಲ್ಪ ನೆಗಡಿಯಾಗುತ್ತದೆ. ಕರೆಂಟಿನೊಂದಿಗೆ ಟವರೂ ಮಲಗುವುದರಿಂದ, ‘ಕರೆಂಟ್ ಹೋಯಿತೇ?’ ಎಂಬ ಪ್ರಶ್ನೆ ಕರೆಂಟು ಬಂದ ಮೇಲೆಯೇ, ಮೂರು ದಿನಗಳ ನೂರಾರು ಶುಭೋದಯಗಳ ನಡುವೆ ಬಂದು ಬೀಳುತ್ತದೆ. ಎಲ್ಲ ಕೊಂಡಿಗಳಿಗೂ ಒಂದೇ ಬೆಲೆಯಿಲ್ಲವೆಂದು 2006ರಲ್ಲಿ ಮೂವರು ಪರಿಣತರು ಮೆಟ್ಕಾಫ್ ನಿಯಮವನ್ನು ಅಲ್ಲಗಳೆದಿದ್ದರು. ಅಷ್ಟು ಶ್ರಮ ಬೇಕಿರಲಿಲ್ಲ, ಆ ಶುಭೋದಯಗಳ ಗುಲಾಬಿ ಚಿತ್ರಗಳನ್ನು ಒಮ್ಮೆ ನೋಡಿದ್ದರೆ ಸಾಕಿತ್ತು.

ಕಳೆದ ವಾರ ‘ಒಂಟಿ ಆನೆ ಕೆರೆಯ ಬಳಿ ರಸ್ತೆಯಲ್ಲಿದೆ’ ಎಂಬ ಸಂದೇಶ ಅಂಥ ಗುಲಾಬಿಗಳ ಕೆಳಗೆ ಹೂತುಹೋಗಿತ್ತು. ನಾನು ನೋಡಿದ್ದು ತಿಂಡಿ ತಿಂದ ಮೇಲೆ. ನಕ್ಕು ನನಗೂ ಸಾಕಾಗಿದೆ. ನಾವು ಇಪ್ಪತ್ತು ಮನೆಯವರು ಜೀಪಿನಲ್ಲಿ ಓಡಾಡುವವರು. ಬೆಳಗಿನ ಮಂಜಿನಲ್ಲಿ ಆ ರಸ್ತೆಯಲ್ಲಿ ನಡೆಯುವವರು ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕೆಲಸಗಾರರು, ಮತ್ತು ಹದಿನಾಲ್ಕು ಗುಂಪುಗಳಲ್ಲಿ ಒಂದರಲ್ಲಿಯೂ ಅವರ ಒಂದೇ ಒಂದು ನಂಬರಿಲ್ಲ. ಸೇರಿಸೋಣವೆಂದು ಬರೆದೆ. ಗುಂಪು ತೋಟದ ಮಾಲೀಕರಿಗೆ ಮಾತ್ರವೆಂದು ಅಡ್ಮಿನ್ ಉತ್ತರಿಸಿದರು. ಅದಕ್ಕೆ ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು.