ಬಂದ ವಿಷಯ ಮೊದಲೇ ಹೇಳಿ

"ಸಿಕ್ಕಿ ಎಷ್ಟು ದಿನ ಆಯ್ತು, ಕಾಫಿ ಕುಡಿಯೋಣ ಬಾ" ಅಂತ ಹಳೇ ಗೆಳೆಯರು ಕರೆದರೆ ಈಗ ಖುಷಿಗಿಂತ ಅನುಮಾನವೇ ಜಾಸ್ತಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಜಯನಗರಕ್ಕೆ ಹೋದರೆ, ಮೊದಲು ಅಮ್ಮನ ಆರೋಗ್ಯ ಕೇಳುತ್ತಾರೆ. ಕಾಫಿ ಅರ್ಧ ಆಗುವಷ್ಟರಲ್ಲಿ ಟೇಬಲ್ ಮೇಲೆ ಪ್ರೋಟೀನ್ ಪುಡಿ ಡಬ್ಬಿ, ಫೋನಿನಲ್ಲಿ 'ನಿನ್ನ ಕೆಳಗೆ ಇಬ್ಬರನ್ನು ಸೇರಿಸು' ಅನ್ನೋ ಚಿತ್ರ. ಹಾಗಾದರೆ ಅಮ್ಮನ ಬಗ್ಗೆ ಕೇಳಿದ್ದು ಸುಮ್ನೆನಾ? ಅದೇ ಜಾಸ್ತಿ ನೋವು.

ವ್ಯಾಪಾರ ಮಾಡುವುದು ತಪ್ಪಲ್ಲ. ಫೋನಿನಲ್ಲೇ ಹೇಳಿದ್ದರೆ ಬೇಕು, ಬೇಡ ಅಂತಿದ್ದೆ, ಸ್ನೇಹ ಹಾಗೇ ಇರುತ್ತಿತ್ತು. ಹೀಗೆ ಅಂಗಡಿಯಿಲ್ಲದೆ ನೇರವಾಗಿ ಜನರಿಗೇ ಮಾರುವವರಿಗಾಗಿ ಇರುವ 2021ರ ನೇರ ಮಾರಾಟ ನಿಯಮಗಳೂ ಇದನ್ನೇ ಹೇಳುತ್ತವೆ. ಮಾತು ಶುರುವಾಗುವಾಗಲೇ, ಯಾರೂ ಕೇಳದಿದ್ದರೂ, ತಾನು ಯಾರು, ಯಾವ ಕಂಪನಿ, ಯಾಕೆ ಬಂದೆ ಅಂತ ತಿಳಿಸಬೇಕು. ಅಪರಿಚಿತ ಗಿರಾಕಿಗೆ ಸಿಗಬೇಕಾದ ಈ ಮರ್ಯಾದೆ ಗೆಳೆಯರಿಗೂ ಸಿಗಬೇಕು ಅಲ್ವಾ? ಇನ್ನು ಮೇಲೆ ಯಾರೇ ಕರೆದರೂ ವಿಷಯ ಏನು ಅಂತ ಕೇಳಿಯೇ ಹೊರಡುತ್ತೇನೆ.