ಎರಡು ಕಣಜ, ಒಂದು ಶವಪೆಟ್ಟಿಗೆ

ಲೂಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಬುದ್ಧಿಹೀನ ಐಶ್ವರ್ಯವಂತನ ಸಾಮ್ಯದ (ದೃಷ್ಟಾಂತ ಕಥೆಯ) ಮೇಲೆ ಪ್ರಸಂಗ ಅಂದರೆ ಹೆಚ್ಚಾಗಿ ಒಂದೇ ಮಾತು ಕೇಳುತ್ತೇವೆ: ಕೂಡಿಡಬೇಡಿ, ಸಾವು ಯಾವಾಗ ಬರುತ್ತದೋ ಗೊತ್ತಿಲ್ಲ. ಈ ಓದು ಸಾಲದು ಅಂತ ನನ್ನ ಅಭಿಪ್ರಾಯ. ಕೂಡಿಡುವುದೇ ಪಾಪವಾಗಿದ್ದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 41ನೇ ಅಧ್ಯಾಯದಲ್ಲಿ ಐಗುಪ್ತದ (ಈಜಿಪ್ಟ್) ಅಧಿಕಾರಿಯಾಗುವ ಯೋಸೇಫನನ್ನು ಏನನ್ನಬೇಕು? ಸುಭಿಕ್ಷದ ಏಳು ವರ್ಷವೂ ಐಗುಪ್ತದ ಬೆಳೆಯಲ್ಲಿ ಐದನೇ ಒಂದು ಪಾಲನ್ನು ಆಯಾ ಊರಿನ ಉಗ್ರಾಣಕ್ಕೆ ತುಂಬಿಸಿದವನು ಅವನು. ಕಡೆಗೆ ಲೆಕ್ಕ ಇಡುವುದನ್ನೇ ಬಿಟ್ಟರು, ಅಷ್ಟು ಧಾನ್ಯ.

ಸಾಮ್ಯವನ್ನು 16ನೇ ವಚನದಿಂದ ಓದಬೇಡಿ, 13ರಿಂದ ಓದಿ. ಗುಂಪಿನಲ್ಲಿದ್ದ ಒಬ್ಬ, ನನ್ನ ಪಾಲು ಕೊಡುವಂತೆ ಒಡಹುಟ್ಟಿದವನಿಗೆ ಹೇಳು ಅಂತ ಕೇಳುತ್ತಾನೆ. ಯೇಸುಸ್ವಾಮಿ ಆ ಪಂಚಾಯಿತಿಗೆ ಕೂರುವುದಿಲ್ಲ, ಕಥೆ ಹೇಳುತ್ತಾರೆ. ಹೊಲ ಚೆನ್ನಾಗಿ ಬೆಳೆದ ಐಶ್ವರ್ಯವಂತನೊಬ್ಬ ಇರುವ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ ಅಂದುಕೊಂಡು, ಇನ್ನು ಬಹಳ ವರ್ಷ ತಿಂದು ಕುಡಿದು ಸುಖವಾಗಿರು ಅಂತ ತನ್ನ ಪ್ರಾಣಕ್ಕೇ ಹೇಳಿಕೊಳ್ಳುತ್ತಾನೆ. ಅವನ ಮಾತು 17ರಿಂದ 19, ಮೂರೇ ವಚನ. ಗ್ರೀಕ್ ಮೂಲದಲ್ಲಿ ‘ನನ್ನ’ ಅನ್ನುವುದು ನಾಲ್ಕು ಸಲ ಬರುತ್ತದೆ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಪ್ರಾಣ. ಲೆಕ್ಕ ತಪ್ಪಿದ್ದು ನಾಲ್ಕನೆಯದರಲ್ಲಿ. ದೇವರು ಅವನಿಗೆ ‘ಈ ರಾತ್ರಿಯೇ ನಿನ್ನ ಪ್ರಾಣವನ್ನು ಕೇಳುತ್ತಾರೆ’ ಎನ್ನುವಲ್ಲಿ ಇರುವ ಕ್ರಿಯಾಪದಕ್ಕೆ ಕೊಟ್ಟದ್ದನ್ನು ವಾಪಸ್ ಕೇಳುವುದು ಅಂತ ಅರ್ಥ. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತ ಹಾಗೆ. ಕಡವಾಗಿ ಬಂದ ಪ್ರಾಣವನ್ನು ಆ ಮನುಷ್ಯ ಕಣಜದ ಸಾಮಾನಿನ ಜೊತೆ ಸೇರಿಸಿ ಎಣಿಸಿಬಿಟ್ಟಿದ್ದ. ಅವನ ಮಾತಿನಲ್ಲಿ ಇನ್ನೊಬ್ಬ ಮನುಷ್ಯನ ಸುಳಿವೂ ಇಲ್ಲ.

‘ನೀನು ಸಿದ್ಧಮಾಡಿಟ್ಟದ್ದು ಯಾರಿಗಾಗುವುದು?’ ದೇವರ ಈ ಪ್ರಶ್ನೆಗೆ ಬದುಕಿರುವಾಗಲೇ ಉತ್ತರ ಬರೆದಿಡುವುದು ವಿಶ್ವಾಸಿಗೆ ಒಪ್ಪುವ ಕೆಲಸ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಹೋಗುತ್ತದೆ: ಹೆಂಡತಿಗೆ ಮೂರರಲ್ಲೊಂದು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಎನ್ನದೆ ಸಮನಾಗಿ. ಬೇರೆ ರೀತಿ ಆಗಬೇಕಿದ್ದರೆ, ಬಡವರಿಗೋ ಸಭೆಗೋ (ಚರ್ಚಿಗೋ) ಏನಾದರೂ ಬಿಡಬೇಕಿದ್ದರೆ, ಉಯಿಲು ಬೇಕು, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಎಡವುವುದು ಇಲ್ಲೇ. ಕೈಗೆ ಸಿಕ್ಕವನೆಂದು ಮಗನಿಂದಲೇ ಸಾಕ್ಷಿ ಹಾಕಿಸಿದರೆ, ಉಯಿಲು ನಿಂತರೂ ಅವನಿಗೆ ಬರೆದ ಪಾಲು ಬಿದ್ದುಹೋಗುತ್ತದೆ. ಸೊಸೆ ಸಾಕ್ಷಿ ಹಾಕಿದರೂ ಅಷ್ಟೇ.

ಈಗ ಇನ್ನೊಂದು ಕಣಜ. ಬರ ಬಂದಾಗ ಯೋಸೇಫನ ಉಗ್ರಾಣ ತೆರೆಯಿತು. ಪುಕ್ಕಟೆಯಾಗಿ ಅಲ್ಲ, ಅದನ್ನು ಮುಚ್ಚಿಡಬಾರದು: ಆದಿಕಾಂಡ 47ನೇ ಅಧ್ಯಾಯದಲ್ಲಿ ಜನ ಮೊದಲು ಹಣ, ಆಮೇಲೆ ದನಕುರಿ, ಕಡೆಗೆ ಹೊಲವನ್ನೂ ಕೊಟ್ಟು ಐಗುಪ್ತದ ಅರಸ ಫರೋಹನ ಆಳುಗಳಾಗುತ್ತಾರೆ. ಓದುವಾಗ ಸಂಕಟವಾಗುತ್ತದೆ. ಆದರೆ ಅದೇ ಯೋಸೇಫ 110 ವರ್ಷದವನಾಗಿ ಸಾಯುವಾಗ ಐಗುಪ್ತದ ಐಶ್ವರ್ಯದ ಮಾತನ್ನೇ ಎತ್ತುವುದಿಲ್ಲ. ದೇವರು ನಿಮ್ಮನ್ನು ಖಂಡಿತ ನೆನೆಯುತ್ತಾನೆ, ಆಗ ನನ್ನ ಎಲುಬುಗಳನ್ನು ಇಲ್ಲಿಂದ ತೆಗೆದುಕೊಂಡು ಹೋಗಿ ಅಂತ ತನ್ನ ಜನರಾದ ಇಸ್ರಾಯೇಲ್ಯರಿಂದ ಆಣೆ ಮಾಡಿಸಿಕೊಳ್ಳುತ್ತಾನೆ. ಸುಗಂಧದ್ರವ್ಯ ತುಂಬಿ ಹೆಣವನ್ನು ಪೆಟ್ಟಿಗೆಯಲ್ಲಿಟ್ಟರು. ಆದಿಕಾಂಡ ಮುಗಿಯುವುದು ಆ ಪೆಟ್ಟಿಗೆಯ ಹತ್ತಿರ. ಮುಂದೆ ಆ ಜನರನ್ನು ಐಗುಪ್ತದಿಂದ ಬಿಡಿಸಿ ಕರೆದೊಯ್ದ ಮೋಶೆ ಆ ಎಲುಬುಗಳನ್ನು ತೆಗೆದುಕೊಂಡು ಹೊರಟ. ಯೆಹೋಶುವ 24ಕ್ಕೆ ಬಂದರೆ ಅವು ಕಾನಾನ್ ದೇಶದ ಶೆಕೆಮಿನಲ್ಲಿ, ಯೋಸೇಫನ ತಂದೆ ಯಾಕೋಬ ಹಣ ಕೊಟ್ಟು ಕೊಂಡಿದ್ದ ಹೊಲದಲ್ಲಿ ಮಣ್ಣು ಸೇರುತ್ತವೆ. ಇಬ್ರಿಯ 11:22 ಯೋಸೇಫನ ನಂಬಿಕೆ ಅಂತ ಎತ್ತಿ ಹೇಳುವುದು ಈ ಎಲುಬಿನ ಮಾತನ್ನೇ. ಉಗ್ರಾಣದ ಹೆಸರೂ ಅಲ್ಲಿಲ್ಲ.

ಸಾವಿನಾಚೆಗೂ ದೇವರನ್ನು ನಂಬುವ ಆ ನಿರೀಕ್ಷೆಗೆ ಹೊಸ ಒಡಂಬಡಿಕೆಯಲ್ಲಿರುವ ಹೆಸರು ಪುನರುತ್ಥಾನ, ಸತ್ತವರು ಮತ್ತೆ ಏಳುವುದು. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ ಅದೇ. ಕ್ರಿಸ್ತನು ಪ್ರಥಮಫಲ, ಅಂದರೆ ಯಾಜಕಕಾಂಡ 23ರಲ್ಲಿ ದೇವರ ಮುಂದೆ ತರುವ ಮೊದಲ ಸಿವುಡು. ಹೊಲದಲ್ಲಿ ನಿಂತಿರುವ ಉಳಿದ ಪೈರೂ ಅದರ ಹಿಂದೆ ಬರಲಿದೆ. ಮರಣವೇ, ನಿನ್ನ ಜಯವೆಲ್ಲಿ ಅಂತ ಕೇಳಿ ಮುಗಿಸಿದ ಪೌಲ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಣ ಸಂಗ್ರಹದ ವಿಷಯಕ್ಕೆ ಬರುತ್ತಾನೆ. ಅವನ ಪತ್ರದಲ್ಲಿ ಅಧ್ಯಾಯದ ಅಂಕೆ ಇರಲಿಲ್ಲ, ಈಗಿನ ಅಧ್ಯಾಯಗಳಾದದ್ದು 13ನೇ ಶತಮಾನದಲ್ಲಿ. ನಾವು 15ನ್ನು ಸಮಾಧಿಯ ಬಳಿ ಓದುತ್ತೇವೆ, 16ನ್ನು ಕಾಣಿಕೆ ಎತ್ತುವಾಗ ಓದುತ್ತೇವೆ; ನಡುವಿನ ನಂಟು ಕಡಿದುಹೋಗಿದೆ. ಮತ್ತೆ ಏಳುತ್ತೇವೆಂದು ನಂಬಿದವರಿಗೆ 16ರಲ್ಲಿ ಪೌಲ ಹೇಳುವ ಕ್ರಮ ಬಹಳ ಸರಳ. ವಾರದ ಮೊದಲ ದಿನ, ಪ್ರತಿಯೊಬ್ಬರೂ, ಅವರವರ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು. ತಾನು ಬಂದಮೇಲೆ ಅವಸರದಲ್ಲಿ ವಸೂಲಿ ಮಾಡುವಂತಾಗಬಾರದು. ಒಯ್ಯುವವರನ್ನು ಸಭೆಯವರೇ ಆರಿಸಬೇಕು, ಅವರ ಕೈಗೆ ಪತ್ರ ಕೊಡಲಾಗುತ್ತದೆ. ಆ ಹಣ ಹೋಗಬೇಕಾದದ್ದು ಯೆರೂಸಲೇಮಿನ ಬಡವರಿಗೆ.